ದೊಡ್ಡರೋಗವನ್ನು ಗೆದ್ದ ಬಗೆ

ಪುತ್ತೂರು, ಸುಳ್ಯ, ಕಡಬಗಳ ಹಟ್ಟಿಗಳಲ್ಲಿ ಇಂದು ದೊಡ್ಡರೋಗವನ್ನು ಕಂಡವರು ವಿರಳ. ಜ್ವರ, ಬಾಯಿಹುಣ್ಣು, ಭೇದಿಗಳಿಂದ ದನಗಳು ಕೆಲವೇ ದಿನಗಳಲ್ಲಿ ಸಾಯುತ್ತಿದ್ದುವು. ಉಳುವ ಜೋಡಿ ಸತ್ತರೆ ಒಕ್ಕಲಿನ ಆ ವರ್ಷದ ಬೇಸಾಯವೇ ಹೋದಂತೆ.

ವಾಚಕರೇ, ಸುಬ್ರಹ್ಮಣ್ಯದ ಷಷ್ಠಿಯ ಕಾಲದ ದನಗಳ ಜಾತ್ರೆಯನ್ನು ನೀವು ಕೇಳಿಬಲ್ಲಿರಿ. ಘಟ್ಟದ ಮೇಲಿನ ಎತ್ತುಗಳು ಅಲ್ಲಿಗೆ ಇಳಿದು ಬರುತ್ತಿದ್ದುವು. ಉಸಿರು, ಜೊಲ್ಲು, ಸೆಗಣಿಗಳಿಂದ ಅಂಟುವ ಈ ರೋಗಕ್ಕೆ ಇಂಥ ಕೂಟಗಳೇ ಅನುಕೂಲ.

ಮದ್ದಿನ ಶೋಧನೆ ನಡೆದುದು ದೂರದ ಹಿಮಾಲಯದ ಮುಕ್ತೇಶ್ವರದಲ್ಲಿ. 1889ರಲ್ಲಿ ಪುಣೆಯಲ್ಲಿ ಆರಂಭವಾದ ಪ್ರಯೋಗಶಾಲೆ 1893ರಲ್ಲಿ ಅಲ್ಲಿಗೆ ಹೋಯಿತು. ಮೊದಲು ದೊರೆತ ಸೀರಮ್ಮಿನ ರಕ್ಷಣೆ ಅಲ್ಪಕಾಲದ್ದು. 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬವರು ರೋಗಾಣುವನ್ನು ಆಡಿನಿಂದ ಆಡಿಗೆ ದಾಟಿಸುತ್ತ ಹೋದರು. ದನಗಳ ಮಟ್ಟಿಗೆ ಅದರ ಉಗ್ರತೆ ಕುಂದಿತು. ರಕ್ಷಿಸುವ ಶಕ್ತಿ ಉಳಿಯಿತು.

ಆದರೆ ಲಸಿಕೆ ಹಟ್ಟಿಯನ್ನು ಮುಟ್ಟಬೇಕಷ್ಟೆ? ಅದಕ್ಕಾಗಿ 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಯೋಜನೆ ಹೊರಟಿತು. ದಕ್ಷಿಣ ಭಾರತವೇ ರೋಗದ ಕೊನೆಯ ನೆಲೆಯಾಗಿ ಉಳಿದು, 1995ರ ಬಳಿಕ ಅದು ದೇಶದಲ್ಲಿ ಕಾಣಿಸಲಿಲ್ಲ. ಅನಂತರ ಲಸಿಕೆಯನ್ನು ನಿಲ್ಲಿಸಿ, ರೋಗ ಮರಳುವುದೋ ಎಂದು ಕಾದು ನೋಡಿದರು, ಮರಳಲಿಲ್ಲ. 2011ರಲ್ಲಿ ಲೋಕವೇ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಸಿಡುಬಿನ ತರುವಾಯ ಭೂಮಿಯಿಂದ ಅಳಿದ ಎರಡನೆಯ ರೋಗವಿದು.

ಕಾಲುಬಾಯಿ ರೋಗ ಮಾತ್ರ ಇನ್ನೂ ಉಳಿದಿದೆ. ಅದಕ್ಕೂ ಲಸಿಕೆಯುಂಟು, ಪೇಟೆಯಲ್ಲಿ ಹಾಲು ಕೊಳ್ಳುವ ನಾವೂ ನೀವೂ ಹಳ್ಳಿಯ ನೆಂಟರಿಗೆ ಒಂದು ಮಾತು ಹೇಳಬಹುದು: ಲಸಿಕೆಯವರು ಬಂದ ದಿನ ದನಗಳನ್ನು ಗುಡ್ಡೆಗೆ ಬಿಡದೆ ಹಟ್ಟಿಯಲ್ಲೇ ಕಟ್ಟಿರಲಿ.