ಗಣಿತದ ಗುಳಿಗೆಯೂ ಗೆಳೆಯರಿಲ್ಲದ ಹುಡುಗರೂ

ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಕ್ ಹಾಫ್‌ಮನ್ 1844ರ ಕ್ರಿಸ್‌ಮಸ್‌ಗೆ ತನ್ನ ಮೂರು ವರ್ಷದ ಮಗನಿಗೆಂದು ಒಂದು ಚಿತ್ರಪುಸ್ತಕವನ್ನು ತಾನೇ ರಚಿಸಿದ. ಅದರ ಅನಂತರದ ಮುದ್ರಣವೊಂದರಲ್ಲಿ ಸೇರಿಕೊಂಡವನು ಚಡಪಡಿಕೆಯ ಫಿಲಿಪ್. ಊಟದ ಮೇಜಿನ ಮುಂದೆ ಕುರ್ಚಿಯನ್ನು ತೂಗಾಡಿಸುತ್ತ, ಕೊನೆಗೆ ಹಾಸುಬಟ್ಟೆಯ ಸಮೇತ ಊಟವನ್ನೆಲ್ಲ ನೆಲಕ್ಕೆಳೆಯುವ ಹುಡುಗ. ಗಮನ ನಿಲ್ಲದ, ಮೈ ಸುಮ್ಮನಿರದ, ಇಂದು ಎಡಿಎಚ್‌ಡಿ ಎಂದು ಕರೆಯುವ ತೊಂದರೆಯ ಚರಿತ್ರೆಯನ್ನು ಇವನಿಂದ ಆರಂಭಿಸುವುದು ರೂಢಿ. ನನ್ನ ಕಣ್ಣಿಗೆ ಬೀಳುವುದು ಇನ್ನೊಂದು ಸಂಗತಿ: ಆ ಚಿತ್ರದಲ್ಲಿ ತಂದೆ, ತಾಯಿ, ಮಗ ಇದ್ದಾರೆ. ಒಬ್ಬ ಗೆಳೆಯನಿಲ್ಲ.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಗೆ ಕುಂದಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ನೀಡಿದ. ಅದಕ್ಕೆ ಆತ ಕೊಟ್ಟ ಹೆಸರು ನೈತಿಕ ನಿಯಂತ್ರಣದ ದೋಷ. ವೈದ್ಯನ ಮಾತೇ ಆದರೂ ಅದರಲ್ಲಿ ಪಾದ್ರಿಯ ಧ್ವನಿ ಕೇಳಿಸುತ್ತದೆ.

1937ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ 30 ಮಕ್ಕಳಿಗೆ ಬೆಂಝೆಡ್ರಿನ್ ಎಂಬ ಔಷಧವನ್ನು ಕೊಟ್ಟು ನೋಡಿದ. ಮಿದುಳಿನ ಪರೀಕ್ಷೆಯ ತರುವಾಯ ಬರುತ್ತಿದ್ದ ತಲೆನೋವಿಗೆ ಹುಡುಕಿದ ಮದ್ದು ಅದು. ತಲೆನೋವಿಗಿಂತ ಹೆಚ್ಚಾಗಿ ಪಾಠದಲ್ಲಿ ಗುಣ ಕಾಣಿಸಿತು. ಮಕ್ಕಳೇ ಅದನ್ನು ಗಣಿತದ ಗುಳಿಗೆ ಎಂದು ಕರೆದರು. ಲೆಕ್ಕ ಸರಿಹೋಯಿತು, ಸರಿ. ಆಟದ ಬಯಲಿನಲ್ಲಿ ಆದದ್ದೇನು?

ಇದಕ್ಕೆ ಉತ್ತರ ದೊರೆಯಲು ದಶಕಗಳೇ ಹಿಡಿದವು. 1994ರಲ್ಲಿ ಎರ್ಹಾರ್ಟ್ ಮತ್ತು ಹಿನ್‌ಶಾ ಎಂಬ ಸಂಶೋಧಕರು, ಪರಸ್ಪರ ಪರಿಚಯವಿಲ್ಲದ ಬಾಲಕರು ಸೇರಿದ ಬೇಸಿಗೆ ಶಿಬಿರವೊಂದನ್ನು ಪರಿಶೀಲಿಸಿದರು. ಎಡಿಎಚ್‌ಡಿ ಇದ್ದ ಹುಡುಗರನ್ನು ಉಳಿದವರು ಮೊದಲ ದಿನವೇ ದೂರವಿಡತೊಡಗಿದ್ದರು. 2005ರಲ್ಲಿ ಬೆಟ್ಸಿ ಹೋಝಾ ಮತ್ತು ಸಂಗಡಿಗರು ಇಂಥ 165 ಮಕ್ಕಳ ತರಗತಿಗಳಲ್ಲಿ ಸಹಪಾಠಿಗಳನ್ನೇ ಕೇಳಿದಾಗ, ಅವರಲ್ಲಿ ಶೇಕಡಾ 52ರಷ್ಟು ಮಕ್ಕಳು ತಿರಸ್ಕೃತರ ಸಾಲಿನಲ್ಲಿದ್ದರು. ತೊಂದರೆಯಿಲ್ಲದ ಮಕ್ಕಳಲ್ಲಿ ಆ ಪ್ರಮಾಣ ಶೇಕಡಾ 14. ಇವರು 1999ರಲ್ಲಿ ಪ್ರಕಟವಾದ, 579 ಮಕ್ಕಳ ದೊಡ್ಡ ಚಿಕಿತ್ಸಾ ಅಧ್ಯಯನಕ್ಕೆ ಸೇರಿದವರು. ಅಲ್ಲಿ ಗುಳಿಗೆಯನ್ನೂ ಕೊಟ್ಟರು, ನಡವಳಿಕೆಯ ತರಬೇತಿಯನ್ನೂ ಕೊಟ್ಟರು. ಚಡಪಡಿಕೆ ತಗ್ಗಿತು. ಆದರೆ ಸಹಪಾಠಿಗಳ ನಡುವಿನ ಸ್ಥಾನ ಇತರರ ಮಟ್ಟಕ್ಕೆ ಬರಲಿಲ್ಲ.

ಸರದಿ ಕಾಯುವುದು, ಸೋಲನ್ನು ಒಪ್ಪುವುದು, ಮಾತಿನ ನಡುವೆ ಬಾಯಿ ಹಾಕದಿರುವುದು, ಇವನ್ನು ವೈದ್ಯರ ಕೊಠಡಿಯಲ್ಲಿ ಕಲಿಸುವ ಪ್ರಯತ್ನಗಳು ಬಹಳ ನಡೆದಿವೆ. ಕೇಳಿದರೆ ಹುಡುಗ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸುತ್ತಾನೆ. ಚೆಂಡು ಕಾಲ ಬಳಿ ಉರುಳಿ ಬಂದ ಕ್ಷಣದಲ್ಲಿ ಅದು ನೆನಪಿಗೆ ಬಾರದು. ಮೇಷ್ಟರಿಗೆ ಇದು ಹೊಸ ಸುದ್ದಿಯಲ್ಲ.

ಅಮೋರಿ ಮಿಕಾಮಿ ಎಂಬ ಮನಶ್ಶಾಸ್ತ್ರಜ್ಞೆ ಹಿಡಿದದ್ದು ಬೇರೆ ದಾರಿ. ಅವರ ತಂಡ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಾಠ ಕಲಿತವರು ತಂದೆತಾಯಂದಿರು: ಹೊಂದಿಕೊಳ್ಳಬಲ್ಲ ಒಬ್ಬನೇ ಮಗುವನ್ನು ಮನೆಗೆ ಕರೆಯುವುದು, ಜಗಳಕ್ಕೆಡೆಯಿಲ್ಲದ ಆಟವನ್ನು ಮುಂಚಿತವಾಗಿ ಯೋಚಿಸಿಡುವುದು, ಗೆಳೆಯನ ಎದುರು ಗದರದಿರುವುದು. 2013ರ ಪ್ರಯೋಗ ತರಗತಿಗೇ ಬಂದಿತು. ಶಿಕ್ಷಕರು ಹುಡುಗನಲ್ಲಿ ನಿಜವಾಗಿ ಇರುವ ಗುಣವನ್ನು ಎಲ್ಲರೆದುರು ಹೇಳಬೇಕು. ತಪ್ಪನ್ನು ಬಳಿ ಕರೆದು ಮೆಲ್ಲಗೆ ತಿದ್ದಬೇಕು. ಯಾರನ್ನೂ ಆಟದಿಂದ ಹೊರಗಿಡಬಾರದೆಂಬುದನ್ನು ತರಗತಿಯ ನಿಯಮವಾಗಿಸಬೇಕು. ಐವತ್ತು ಮಕ್ಕಳ ಕೊಠಡಿಯಲ್ಲಿ ಮೆಲ್ಲಗೆ ತಿದ್ದುವುದು ಹೇಗೆಂದು ನಮ್ಮ ಕಡೆಯ ಶಿಕ್ಷಕರು ಕೇಳಿಯಾರು; ಕೇಳಬೇಕಾದ ಪ್ರಶ್ನೆಯೇ. ಆದರೂ ಒಂದೇ ಹೆಸರನ್ನು ದಿನಕ್ಕೆ ಹತ್ತು ಬಾರಿ ಕೂಗಿ ಗದರಿದರೆ, ಆ ಹುಡುಗನೊಡನೆ ಸೇರಬಾರದೆಂಬ ಪಾಠವನ್ನು ಉಳಿದ ಮಕ್ಕಳು ತಾವಾಗಿ ಕಲಿಯುತ್ತಾರೆ.

ಇಂಥ ತರಗತಿಯನ್ನು, ಮಕ್ಕಳ ನಡವಳಿಕೆಯನ್ನಷ್ಟೇ ತಿದ್ದುವ ತರಗತಿಯೊಡನೆ ಹೋಲಿಸಿ ನೋಡಿದರು. ಎಡಿಎಚ್‌ಡಿ ಇದ್ದ ಮಕ್ಕಳನ್ನು ಮೆಚ್ಚುವವರು ಹೆಚ್ಚಿದ್ದರು, ಪರಸ್ಪರ ಗೆಳೆಯರೆಂದು ಹೇಳಿಕೊಂಡ ಜೋಡಿಗಳೂ ಹೆಚ್ಚಿದ್ದವು. ಈ ಪ್ರಯೋಜನ ಕಂಡುಬಂದದ್ದು ಮುಖ್ಯವಾಗಿ ಗಂಡುಮಕ್ಕಳಲ್ಲಿ.