ಪಹಣಿಯಲ್ಲಿಲ್ಲದ ಶಾಲೆ

ಮಂಡ್ಯ ಜಿಲ್ಲೆ ಮೈಸೂರಿನಿಂದ ಬೇರೆಯಾದದ್ದು 1939ರಲ್ಲಿ. ಏಳು ತಾಲ್ಲೂಕು, 2011ರ ಗಣತಿಯಂತೆ 18 ಲಕ್ಷ ಜನ, ಅಕ್ಷರಸ್ಥರು ನೂರಕ್ಕೆ 70ರ ಆಸುಪಾಸು. ಅಂಕಿಅಂಶ ಇಷ್ಟು ಸಾಕು.

ಇಲ್ಲಿನ ವಿದ್ಯಾಭ್ಯಾಸಕ್ಕೆ ದುಡಿದ ದೊಡ್ಡವರ ಹೆಸರು ಎಲ್ಲರ ಬಾಯಲ್ಲೂ ಇದೆ. ಮಂಡ್ಯಕ್ಕೆ 1962ರಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ತಂದ ಕೆ.ವಿ. ಶಂಕರಗೌಡರು, ಮದ್ದೂರಿನ ಎಚ್.ಕೆ. ವೀರಣ್ಣಗೌಡರು, ಕೆ.ಎಂ. ದೊಡ್ಡಿಯಲ್ಲಿ ಭಾರತೀ ವಿದ್ಯಾಸಂಸ್ಥೆ ಬೆಳೆಸಿದ ಜಿ. ಮಾದೇಗೌಡರು. ಮದ್ದೂರು–ಮಳವಳ್ಳಿ ನಡುವಿನ ಹಳ್ಳಿಗಳಲ್ಲಿ ಒಂದನೇ ಕ್ಲಾಸಿಗೆ ಸೂರು ಮಾಡಿಕೊಟ್ಟವರು ಯಾರು ಎಂದರೆ ಮಾತ್ರ ಉತ್ತರವಿಲ್ಲ.

ಮೊದಲಿದ್ದದ್ದು ಕೂಲಿಮಠ. ಅಯ್ಯನೋರು ಗುಡಿ ಜಗಲಿಯಲ್ಲಿ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಸುಗ್ಗಿಯಲ್ಲಿ ಅವರಿಗೆ ರಾಗಿ, ಭತ್ತ. ಮಹಾನವಮಿ ಬಂದರೆ ಹುಡುಗರು ಮನೆಮನೆ ಮುಂದೆ ಚೌಪದ ಹಾಡಿ ಕಾಣಿಕೆ ಎತ್ತಿ ತರುತ್ತಿದ್ದರು. ಸರ್ಕಾರಿ ಶಾಲೆ ಬಂದ ಮೇಲೂ ಎಷ್ಟೋ ಊರಲ್ಲಿ ಪಾಠ ನಡೆದದ್ದು ರಾಮಮಂದಿರದಲ್ಲೇ: ಹಗಲು ಮಗ್ಗಿ, ರಾತ್ರಿ ಭಜನೆ. ಹಳಬರು ಇದನ್ನು ಬಾಯಿತುಂಬ ಹೊಗಳುತ್ತಾರೆ. ಆದರೆ ಆ ಜಗಲಿ ಎಲ್ಲರದಲ್ಲ; ಕೇರಿಯ ಮಕ್ಕಳಿಗೆ ಮೆಟ್ಟಿಲ ಕೆಳಗೇ ಜಾಗ. ಶಾಲೆ ಗುಡಿ ಬಿಟ್ಟು ಹೊಲಕ್ಕೆ ಬಂದ ಮೇಲೇ ಊರ ಶಾಲೆಯಾಯಿತು ಎಂದು ನಾನಂತೂ ಹೇಳುತ್ತೇನೆ.

ಆ ಹೊಲ ಯಾರೋ ಗೌಡರು ಬಿಟ್ಟುಕೊಟ್ಟದ್ದು. ನಾಲ್ಕು ಜನರೆದುರು "ಮಕ್ಳು ಓದ್ಕಳ್ಳಿ ಬಿಡಿ" ಅಂದರೆ ಮುಗಿಯಿತು, ಅದೇ ದಾನಪತ್ರ. ಕಲ್ಲು, ಮಣ್ಣು ಊರ ಗಾಡಿಗಳಲ್ಲಿ ಬಂತು. ಹೆಂಚಿಗೆ ಚಂದಾ ಎತ್ತಿದರು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ಕಬ್ಬು ಬೆಳೆದ ಕಡೆ ಚಂದಾ ಬೇಗ ಕೂಡಿರಬೇಕು. ಕೊನೆ ಭಾಗದ ಮಳವಳ್ಳಿ ಕಡೆಯವರಿಗೆ ನೀರೂ ತಡ, ದುಡ್ಡೂ ತಡ. ಈ ಗೋಳು ಇವತ್ತಿಗೂ ಮುಗಿದಿಲ್ಲ.

ಅಂಥ ಒಂದು ಶಾಲೆಯ ಪಹಣಿ ತೆಗೆಸಿ ನೋಡಿದೆ. ಸ್ವಾಧೀನದಾರರ ಕಾಲಮ್ಮಿನಲ್ಲಿ ದಾನ ಕೊಟ್ಟವರ ಮನೆತನದ ಹೆಸರೇ ಇದೆ, ಶಾಲೆಯ ಸುದ್ದಿಯೇ ಇಲ್ಲ. ಹೆಡ್‌ಮಾಸ್ಟರ ಬೀರುವಿನಲ್ಲಿರುವುದು ಛಾಪಾಕಾಗದವೂ ಅಲ್ಲದ ಒಂದು ಹಾಳೆ. ನಾಲ್ಕು ಹೆಬ್ಬೆಟ್ಟು, ಎರಡು ರುಜು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಹುಣಸೆಮರ. ಆ ಮರ ಕಡಿದು ಯಾವ ಕಾಲವಾಯಿತೋ. ರಸ್ತೆ ಅಗಲವಾಗಿ ಗುಂಟೆಗೆ ಬೆಲೆ ಬಂದ ಮೇಲೆ ದಾನ ಕೊಟ್ಟವರ ಮೊಮ್ಮಕ್ಕಳು ಅಳತೆ ಮಾಡಿಸಿ ಎನ್ನುತ್ತಿದ್ದಾರೆ. ದುರಾಸೆ ಎಂದು ತಳ್ಳಿಹಾಕಲಾರೆ, ಅವರ ಕಾಗದ ಶಾಲೆಯದಕ್ಕಿಂತ ಗಟ್ಟಿ.

2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂದು ಶಾಲೆಯ ಉಸ್ತುವಾರಿ ತಂದೆತಾಯಂದಿರ ಕೈಗೆ ಸಿಕ್ಕಿತು. ಸಭೆಗಳಲ್ಲಿ ಬಿಸಿಯೂಟ, ಶೌಚಾಲಯ, ಮೇಷ್ಟ್ರ ವರ್ಗಾವಣೆ ಎಲ್ಲ ಚರ್ಚೆಯಾಗುತ್ತದೆ. ಜಾಗದ ಖಾತೆ ಯಾರಿಗೂ ನೆನಪಾಗುವುದಿಲ್ಲ. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿ, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ವಿದ್ಯಾಗಮ ಶುರುವಾದಾಗ ಮೇಷ್ಟ್ರುಗಳು ಅರಳಿಕಟ್ಟೆ, ಗುಡಿ ಜಗಲಿಗಳನ್ನೇ ಹುಡುಕಿಕೊಂಡು ಹೋದರು. ಆಗಲೂ ಊರವರು ಜಾಗ ಕೊಟ್ಟರು, ಈ ಸಲವೂ ಬಾಯಿಮಾತಿನಲ್ಲೇ.

ನಾನು ಪಹಣಿ ನೋಡಿದ ಆ ಶಾಲೆಯವರು ಈಗ ಸರ್ವೆಗೆ ಅರ್ಜಿ ಹಾಕಿದ್ದಾರೆ. ಹಾಳೆಗೆ ರುಜು ಹಾಕಿದವರು ಯಾರೂ ಉಳಿದಿಲ್ಲ. ಹೆಬ್ಬೆಟ್ಟು ಒತ್ತಿದವರೊಬ್ಬರ ಮಗ ಸಾಕ್ಷಿ ಹೇಳಲು ಒಪ್ಪಿದ್ದಾರೆ. ಅವರಿಗೂ ಎಂಬತ್ತು ದಾಟಿದೆ, ಸರ್ವೆಯವರು ಇನ್ನೂ ಬಂದಿಲ್ಲ.