ಮೂರು ದೇಶಗಳ ರಜೆ ಲೆಕ್ಕ ಹಾಕಿದ ಕಳ್ಳರು

2016ರ ಫೆಬ್ರವರಿ 5, ಶುಕ್ರವಾರ. ಢಾಕಾದಲ್ಲಿರುವ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಲ್ಲಿ ಒಂದು ಪ್ರಿಂಟರ್ ಕೆಟ್ಟು ನಿಂತಿತ್ತು. ಹಣ ವರ್ಗಾವಣೆಯ ವಿವರಗಳೆಲ್ಲ ಅಚ್ಚಾಗಿ ಬರುತ್ತಿದ್ದುದು ಅದರಿಂದಲೇ. ಇಂಥದ್ದು ಮಾಮೂಲಿ ಎಂದುಕೊಂಡು ಸಿಬ್ಬಂದಿ ಸುಮ್ಮನಾದರು.

ಅದನ್ನು ಕೆಡಿಸಿದ್ದವರು ಕಳ್ಳರು. ಹಿಂದಿನ ರಾತ್ರಿಯೇ ಅವರು ಬ್ಯಾಂಕಿನ ಹೆಸರಿನಲ್ಲಿ ನ್ಯೂಯಾರ್ಕ್ ಫೆಡರಲ್ ರಿಸರ್ವ್‌ಗೆ ಸ್ವಿಫ್ಟ್ ಜಾಲದ ಮೂಲಕ 35 ಆದೇಶ ಕಳಿಸಿದ್ದರು. ಕೇಳಿದ ಮೊತ್ತ ಸುಮಾರು 95 ಕೋಟಿ ಡಾಲರ್.

ಈ ಕಳ್ಳರು ಯಾರು? ಅಮೆರಿಕದ ತನಿಖಾಧಿಕಾರಿಗಳು ಬೊಟ್ಟು ಮಾಡಿದ್ದು ಉತ್ತರ ಕೊರಿಯಾದ ಲಾಜರಸ್ ಗುಂಪಿನ ಕಡೆಗೆ. ಉತ್ತರ ಕೊರಿಯಾ ಇದನ್ನು ಒಪ್ಪಿಲ್ಲ. ಆದರೆ 2014ರ ಸೋನಿ ಪಿಕ್ಚರ್ಸ್ ದಾಳಿ, ಢಾಕಾದ ಕಳ್ಳತನ, 2017ರ ವನ್ನಾಕ್ರೈ, ಮೂರರಲ್ಲೂ ಒಂದೇ ಬಗೆಯ ಕೋಡ್ ತುಣುಕುಗಳು ಸಿಕ್ಕವು. ಸೋನಿ ಮೇಲಿನ ದಾಳಿಗೆ ಕಾರಣ ಕಿಮ್ ಜಾಂಗ್ ಉನ್ ಅವರನ್ನು ಗೇಲಿ ಮಾಡಿದ ಸಿನಿಮಾ ಮೇಲಿನ ಸಿಟ್ಟು ಎನ್ನಲಾಯಿತು. ಢಾಕಾದಲ್ಲಿ ಬೇಕಾಗಿದ್ದು ದುಡ್ಡು. ಅಣ್ವಸ್ತ್ರ ಪರೀಕ್ಷೆಗಳಿಂದಾಗಿ ನಿರ್ಬಂಧಕ್ಕೆ ಒಳಗಾದ ದೇಶಕ್ಕೆ ಡಾಲರ್ ಗಳಿಸುವ ನೇರ ದಾರಿಗಳು ಮುಚ್ಚಿಹೋಗಿದ್ದವು.

ಸ್ವಿಫ್ಟ್‌ನ ಮುಖ್ಯ ಜಾಲವನ್ನು ಅವರು ಒಡೆಯಲಿಲ್ಲ. ಅದಕ್ಕೆ ಜೋಡಿಸಿದ್ದ, ಕಾವಲು ಸಡಿಲವಾಗಿದ್ದ ಒಂದು ಬ್ಯಾಂಕನ್ನು ಹುಡುಕಿದರು. 2015ರ ಆರಂಭದಲ್ಲಿ ಕೆಲಸ ಕೇಳುವ ನೆಪದ ಇಮೇಲ್ ಕಳಿಸಿ ಒಳಹೊಕ್ಕು, ಒಂದು ವರ್ಷ ಕಾದರು. ಅದೇ ಮೇ ತಿಂಗಳಲ್ಲಿ ಮನಿಲಾದ ಬ್ಯಾಂಕೊಂದರಲ್ಲಿ ಖಾತೆಗಳು ತೆರೆದಿದ್ದವು. ದಿನವನ್ನೂ ಅಳೆದು ತೂಗಿ ಆರಿಸಿದ್ದರು. ಢಾಕಾದಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ನ್ಯೂಯಾರ್ಕಿನಲ್ಲಿ ಶನಿವಾರ, ಭಾನುವಾರ. ಮನಿಲಾದಲ್ಲಿ ಸೋಮವಾರ ಚೀನೀ ಹೊಸ ವರ್ಷ.

ಆದರೂ ಎಡವಿದರು. ಮನಿಲಾದ ಆ ಬ್ಯಾಂಕ್ ಶಾಖೆ ಇದ್ದದ್ದು ಜುಪಿಟರ್ ಬೀದಿಯಲ್ಲಿ. ನಿರ್ಬಂಧಿತ ಪಟ್ಟಿಯಲ್ಲಿದ್ದ ಒಂದು ಹಡಗಿನ ಹೆಸರೂ ಜುಪಿಟರ್. ಹಾಗಾಗಿ ಹೆಚ್ಚಿನ ಆದೇಶಗಳು ನ್ಯೂಯಾರ್ಕಿನಲ್ಲೇ ತಡೆಹಿಡಿಯಲ್ಪಟ್ಟವು. ಶ್ರೀಲಂಕಾಗೆ ಹೊರಟ 2 ಕೋಟಿ ಡಾಲರ್ 'ಫೌಂಡೇಶನ್' ಪದದ ಕಾಗುಣಿತ ತಪ್ಪಿದ್ದರಿಂದ ಸಿಕ್ಕಿಬಿತ್ತು.

ಮನಿಲಾ ತಲುಪಿದ 8.1 ಕೋಟಿ ಡಾಲರ್ ಮಾತ್ರ ಕೈಬಿಟ್ಟಿತು. ಅದರ ಬಹುಪಾಲು ಜೂಜುಕಟ್ಟೆಗಳಿಗೆ ಹರಿಯಿತು. ಹಣದ ಅಕ್ರಮ ಸಾಗಣೆ ತಡೆಯುವ ಫಿಲಿಪ್ಪೀನ್ಸ್ ಕಾನೂನು ಆಗ ಕ್ಯಾಸಿನೊಗಳಿಗೆ ಅನ್ವಯಿಸುತ್ತಿರಲಿಲ್ಲ. ಆ ವರ್ಷ ವಾಪಸು ಬಂದದ್ದು ಸುಮಾರು 1.5 ಕೋಟಿ. ಗವರ್ನರ್ ಅತಿಯುರ್ ರಹಮಾನ್ ರಾಜೀನಾಮೆ ಕೊಟ್ಟರು.

ಹೋದದ್ದು ಯಾವ ಶ್ರೀಮಂತನ ಗಂಟೂ ಅಲ್ಲ. ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಹೊಲಿಯುವ ಹೆಂಗಸರು, ಕೊಲ್ಲಿ ದೇಶಗಳಲ್ಲಿ ದುಡಿಯುವ ಗಂಡಸರು ಬಾಂಗ್ಲಾದೇಶಕ್ಕೆ ತಂದುಕೊಟ್ಟ ಡಾಲರ್‌ಗಳ ಒಂದು ಪಾಲು.